ಹೊಲದಲ್ಲಿ ಮದುವೆ ಆಗುತ್ತೆ, ನಾವು ಮಾಡಿದ್ದೇವೆ

ಮನೆಯವರೇ ಸೇರಿ ಬಯಲಲ್ಲಿ ಮದುವೆ ಮಾಡೋದು ಕಷ್ಟ, ಕಲ್ಯಾಣ ಮಂಟಪವೇ ಸುಲಭ ಅಂತ ಬರೆದಿದ್ದೀರಿ. ನಾನು ಒಪ್ಪಲ್ಲ. ನಮ್ಮ ತಂಗಿ ಮದುವೆ ಗಂಗಾವತಿ ಹತ್ತಿರ ನಮ್ಮ ಹೊಲದಲ್ಲೇ ಆಯಿತು, 300 ಜನ ಬಂದಿದ್ದರು.

ಮೊದಲು ತಿಂಗಳು ನೋಡಿ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ, ವಯಸ್ಸಾದವರು ಹಂದರದ ಕೆಳಗೂ ಕೂರೋಕಾಗಲ್ಲ. ನಾವು ಭತ್ತ ಕೊಯ್ದ ಮೇಲೆ ಡಿಸೆಂಬರ್ ಕೊನೆಗೆ ಇಟ್ಟುಕೊಂಡೆವು. ಗದ್ದೆ ಖಾಲಿ ಇತ್ತು, ಆದರೆ ನೆಲ ಮೆತ್ತಗಿತ್ತು, ಅದಕ್ಕೇ ಹಂದರ ಹಾಕಿದ್ದು ಕಣದಲ್ಲಿ.

ಊಟದ ಚಿಂತೆ ಜಾಸ್ತಿ ಬೇಡ. ಖಡಕ್ ರೊಟ್ಟಿ ಕೆಡಲ್ಲ ಅಲ್ವಾ, ವಾರ ಮೊದಲೇ ಅತ್ತೆ, ಚಿಕ್ಕಮ್ಮ, ಓಣಿಯ ಹೆಂಗಸರು ಬೇವಿನ ಮರದ ಕೆಳಗೆ ಮೂರು ಒಲೆ ಹೂಡಿ ಬಡಿದರು. ಆ ಪಟಪಟ ಸದ್ದು, ಹಿಟ್ಟು ಮೆತ್ತಿದ ಅಜ್ಜಿಯ ಬಳೆಗಳು, ಅಲ್ಲಿಂದಲೇ ನಮಗೆ ಮದುವೆ ಶುರು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗೋಧಿ ಹುಗ್ಗಿ, ನಮ್ಮದೇ ಸೋನಾ ಮಸೂರಿ ಅನ್ನ, ಸಾಕು.

ಒಂದು ಮಾತ್ರ ಮರೀಬೇಡಿ: ಕತ್ತಲಾದ ಮೇಲೆ ಊಟ ಬೇಡ. ಭತ್ತದ ಸೀಮೆಯಲ್ಲಿ ಲೈಟ್ ಹಾಕಿದರೆ ಹುಳು ಮುತ್ತುತ್ತವೆ. ಹಿಂದಿನ ರಾತ್ರಿ ಅರಿಶಿನದ ಊಟದಲ್ಲಿ ಸಾರಿಗೆಲ್ಲ ಬಿದ್ದು, ಅಮ್ಮ ಅತ್ತೇ ಬಿಟ್ಟರು. ಮದುವೆ ದಿನ ಮಧ್ಯಾಹ್ನ 3 ಗಂಟೆಗೆ ಕೊನೆ ಪಂಕ್ತಿ ಎದ್ದಿತ್ತು. ಶಾಮಿಯಾನದವರು ತಡವಾಗಿ ಬಂದರು, ಅಷ್ಟರಲ್ಲಿ ತಮ್ಮನ ಗೆಳೆಯರು ತೆಂಗಿನ ಗರಿ ಕಡಿದು ತಂದು ಅರ್ಧ ಹಂದರ ಕಟ್ಟಿದ್ದರು. ತಂಗಿಗೆ ಅಕ್ಕಿಕಾಳು ಬಿದ್ದದ್ದು ಆ ಗರಿ ಕೆಳಗೇ.