ಪೋಲೆಂಡಿನ ವಿಮಾನಗಳು ನೆಲದಲ್ಲೇ ಸುಟ್ಟುಹೋದವಾ? ಸತ್ಯಾಂಶ ಇಲ್ಲಿದೆ

"ಎರಡನೇ ಮಹಾಯುದ್ಧದ ಮೊದಲ ದಿನವೇ ಪೋಲೆಂಡಿನ ವಾಯುಪಡೆ ನೆಲದಲ್ಲೇ ನಾಶವಾಯಿತು, ಒಂದು ವಿಮಾನವೂ ಮೇಲೇಳಲಿಲ್ಲ." ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ನಿಜವಲ್ಲ.

1939ರ ಸೆಪ್ಟೆಂಬರ್ 1ರಂದು ಜರ್ಮನಿಯು ಪೋಲೆಂಡಿನ ವಿಮಾನ ನಿಲ್ದಾಣಗಳ ಮೇಲೆ ಬಾಂಬ್ ಹಾಕಿದ್ದು ಹೌದು. ಆದರೆ ಯುದ್ಧದ ಸುಳಿವು ಸಿಕ್ಕಿದ್ದ ಪೋಲೆಂಡ್, ತನ್ನ ಯುದ್ಧವಿಮಾನಗಳನ್ನು ಮುಂಚೆಯೇ ಸಣ್ಣ ಹುಲ್ಲು ಮೈದಾನಗಳಿಗೆ ಸಾಗಿಸಿತ್ತು. ದೊಡ್ಡ ನಿಲ್ದಾಣಗಳಲ್ಲಿ ಸುಟ್ಟಿದ್ದು ಹೆಚ್ಚಾಗಿ ತರಬೇತಿ ವಿಮಾನಗಳು ಮತ್ತು ಹಾರಲಾಗದೆ ನಿಂತಿದ್ದ ವಿಮಾನಗಳು.

ಅದೇ ಬೆಳಗ್ಗೆ ಪೋಲೆಂಡಿನ ಕ್ರಾಕೋವ್ ನಗರದ ಹತ್ತಿರ ಇಬ್ಬರು ಪೋಲಿಷ್ ಪೈಲಟ್‌ಗಳು ಮೇಲೇರಿದರು. ಕ್ಯಾಪ್ಟನ್ ಮೆಡ್ವೆಟ್ಸ್ಕಿ ಸ್ವಲ್ಪ ಎತ್ತರಕ್ಕೆ ಹೋಗುವಷ್ಟರಲ್ಲೇ ಸ್ಟೂಕಾ ಎಂಬ ಜರ್ಮನ್ ಬಾಂಬರ್ ವಿಮಾನದ ಗುಂಡಿಗೆ ಬಲಿಯಾದರು. ಜೊತೆಗಿದ್ದ ಗ್ನಿಶ್ ಹೇಗೋ ತಪ್ಪಿಸಿಕೊಂಡರು. ಸ್ವಲ್ಪ ಹೊತ್ತಿನಲ್ಲೇ ಜರ್ಮನಿಯ ಎರಡು ಡಾರ್ನಿಯರ್ ಬಾಂಬರ್‌ಗಳನ್ನು ಉರುಳಿಸಿದ ಹೆಗ್ಗಳಿಕೆ ಅವರದಾಯಿತು. ಅವರ ಪಿ.11 ವಿಮಾನ ಎಂಥದ್ದು ಗೊತ್ತಾ? ತೆರೆದ ಕಾಕ್‌ಪಿಟ್, ಮಡಚಲಾಗದ ಚಕ್ರ, ಗಂಟೆಗೆ 400 ಕಿ.ಮೀ. ಕೂಡ ಮುಟ್ಟದ ವೇಗ. ಇಂಥದ್ದರಲ್ಲಿ ಹಾರಿದವರನ್ನು "ಮೇಲೇಳಲೇ ಇಲ್ಲ" ಅನ್ನುವುದು ನನಗಂತೂ ಬೇಸರ ತರುತ್ತದೆ.

ಪೋಲೆಂಡ್ ಮೇಲಿನ ಆ ಇಡೀ ದಾಳಿಯಲ್ಲಿ ಜರ್ಮನಿಯೂ, ಅಪಘಾತಗಳೂ ಸೇರಿ, ಸುಮಾರು 285 ವಿಮಾನ ಕಳೆದುಕೊಂಡಿತು. ಪೋಲೆಂಡ್ ಸೋತಿದ್ದು ನಿಜ. ಹಳೇ ವಿಮಾನ, ಇಂಧನ ಮತ್ತು ಬಿಡಿಭಾಗಗಳ ಕೊರತೆ, ಕಡಿದುಹೋದ ಸಂಪರ್ಕ, ಸೆಪ್ಟೆಂಬರ್ 17ಕ್ಕೆ ಪೂರ್ವದಿಂದ ನುಗ್ಗಿದ ಸೋವಿಯತ್ ಸೇನೆ, ಇವೇ ಅದಕ್ಕೆ ಕಾರಣ. ಉಳಿದ ಪೈಲಟ್‌ಗಳಲ್ಲಿ ಅನೇಕರು ರೊಮೇನಿಯಾ ಮೂಲಕ ಪಾರಾಗಿ, 1940ರಲ್ಲಿ ಬ್ರಿಟನ್ ಆಕಾಶದಲ್ಲಿ ಮತ್ತೆ ಹೋರಾಡಿದರು.

ಒಂದೇ ಒಂದು ಪಿ.11 ಇಂದಿಗೂ ಉಳಿದಿದೆ. ಅದು ಇರುವುದು ಕ್ರಾಕೋವ್‌ನ ವಿಮಾನ ಮ್ಯೂಸಿಯಂನಲ್ಲಿ, ಅಂದು ಬಾಂಬ್ ಬಿದ್ದಿದ್ದ ರಾಕೋವಿತ್ಸೆ ನಿಲ್ದಾಣದ ಜಾಗದಲ್ಲೇ.