ಚಾರ್ಲಿ ಪ್ರೈಡ್ ನಿಮ್ಮ ಸಹನೆಯ ಪಾಠ ಅಲ್ಲ ಸ್ವಾಮಿ

ಬೆಳಿಗ್ಗೆ ಎದ್ದು ಕಾಫಿ ಲೋಟ ಹಿಡಿಯುವಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಒಂದು ರೀಲ್ ಬಂದು ಬಿದ್ದಿತ್ತು. ಕೋಟು ಹಾಕಿಕೊಂಡ ಸ್ಫೂರ್ತಿ ಭಾಷಣದವರೊಬ್ಬರು, ಹಿಂದೆ ಅಳುಮುಂಜಿ ಪಿಯಾನೋ. ಅಮೆರಿಕದಲ್ಲಿ ಒಬ್ಬ ಕಪ್ಪು ಗಾಯಕನಿದ್ದನಂತೆ, ಕಂಪನಿಯವರು ಅವನ ಫೋಟೋ ಮುಚ್ಚಿಟ್ಟು ರೆಕಾರ್ಡ್ ಮಾರಿದರಂತೆ, ಅವನು ಕಮಕ್ ಕಿಮಕ್ ಅನ್ನದೆ ನಗುನಗುತ್ತಾ ಹಾಡಿ ಗೆದ್ದನಂತೆ. ಆದ್ದರಿಂದ ನೀವೂ ದೂರು ಹೇಳೋದು ಬಿಡಿ, ಸಹನೆ ಕಲಿಯಿರಿ. ಮುಗೀತು. ಆ ಗಾಯಕ ಹಾಡಿದ ಒಂದೇ ಒಂದು ಸಾಲು ಇಲ್ಲ. ಕೆಳಗೆ ದೊಡ್ಡಪ್ಪನಿಂದ ಹಿಡಿದು ಎಲ್ಲರದ್ದೂ ಕೈಮುಗಿಯೋ ಇಮೋಜಿ.

ಗಾಯಕನ ಹೆಸರು ಚಾರ್ಲಿ ಪ್ರೈಡ್. ನನ್ನ ಕಾಲ್ ಸೆಂಟರ್ ಪುರಾಣ ನಿಮಗೆಲ್ಲ ಬಾಯಿಪಾಠ ಆಗಿರುತ್ತೆ. ರಾತ್ರಿ ಪಾಳಿ, ಟೆಕ್ಸಾಸ್ ಟೆನೆಸಿ ಕಡೆಯ ಗ್ರಾಹಕರು, ಅವರ ಮಾತಿನ ಎಳೆತ ಕಿವಿಗೆ ಹತ್ತಲಿ ಅಂತ ಟ್ರೈನರ್ ಹಾಕುತ್ತಿದ್ದ ಕಂಟ್ರಿ ಹಾಡುಗಳು, ಅಂದರೆ ಅಮೆರಿಕದ ದಕ್ಷಿಣದ ಹಳ್ಳಿಗಾಡಿನ, ಬಿಳಿಯರದ್ದೇ ಅಂತ ಜನ ಎಣಿಸಿದ್ದ ಸಂಗೀತ. ಉಳಿದವರು ಆ ಹೊತ್ತಲ್ಲಿ ತೂಕಡಿಸುತ್ತಿದ್ದರು. ನನಗೆ ಮಾತ್ರ ಈ ಮನುಷ್ಯನ ದನಿ ಅಂಟಿಕೊಂಡುಬಿಟ್ಟಿತು, ಇವತ್ತಿಗೂ ಬಿಟ್ಟಿಲ್ಲ. ಅದಕ್ಕೇ ಇಷ್ಟು ಉರಿ. ಓದಲಿಕ್ಕೆ ಪುರುಸೊತ್ತಿಲ್ಲದವರು ಮುಂದೆ ಸ್ಕ್ರಾಲ್ ಮಾಡಬಹುದು.

ಹುಟ್ಟಿದ್ದು 1934ರಲ್ಲಿ, ಮಿಸಿಸಿಪಿಯ ಸ್ಲೆಡ್ಜ್ ಅನ್ನೋ ಸಣ್ಣ ಊರಲ್ಲಿ. ಹನ್ನೊಂದು ಮಕ್ಕಳ ಮನೆ, ಗೇಣಿ ಹೊಲ, ಹತ್ತಿ ಬಿಡಿಸೋ ಕೆಲಸ. ಅಪ್ಪನ ಹತ್ತಿರ ಒಂದು ಫಿಲ್ಕೋ ರೇಡಿಯೋ ಇತ್ತು. ಶನಿವಾರ ರಾತ್ರಿ ಅದರಲ್ಲಿ ಕಂಟ್ರಿ ಸಂಗೀತದ ತವರೂರು ನ್ಯಾಶ್‌ವಿಲ್‌ನಿಂದ ಗ್ರ್ಯಾಂಡ್ ಓಲ್ ಓಪ್ರಿ ಅನ್ನೋ ಹಾಡಿನ ಕಾರ್ಯಕ್ರಮ ಬರುತ್ತಿತ್ತು. ಹ್ಯಾಂಕ್ ವಿಲಿಯಮ್ಸ್, ರಾಯ್ ಏಕಫ್, ಅರ್ನೆಸ್ಟ್ ಟಬ್, ಎಲ್ಲ ಆ ಕಾಲದ ದೊಡ್ಡ ಕಂಟ್ರಿ ಗಾಯಕರು. ಹುಡುಗ ಅದನ್ನೇ ಕೇಳಿ ಬೆಳೆದ, ಅದನ್ನೇ ಹಾಡಿದ. ರೇಡಿಯೋದಿಂದ ಬರೋ ಹಾಡಿಗೆ ಚರ್ಮ ಎಲ್ಲಿರುತ್ತೆ? ಹದಿನಾಲ್ಕನೇ ವಯಸ್ಸಿಗೆ ಸಿಯರ್ಸ್ ಕಂಪನಿಯ ಗಿಟಾರ್ ಕೊಂಡ.

ಆದರೆ ಅವನಿಗೆ ಆಗಬೇಕಿದ್ದದ್ದು ಗಾಯಕ ಅಲ್ಲ, ಬೇಸ್‌ಬಾಲ್ ಆಟಗಾರ. ಕಪ್ಪು ಆಟಗಾರರ ಲೀಗಿನಲ್ಲಿ ಮೆಂಫಿಸ್ ರೆಡ್ ಸಾಕ್ಸ್ ತಂಡಕ್ಕೆ ಚೆಂಡೆಸೆದ. ಒಮ್ಮೆ ಒಂದು ತಂಡ ಇವನನ್ನೂ ಇನ್ನೊಬ್ಬನನ್ನೂ ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ತೆಗೆದುಕೊಂಡದ್ದು ಒಂದು ಬಸ್ಸು! ಇದನ್ನು ಅವನೇ ಆಮೇಲೆ ಜೋಕ್ ಮಾಡಿಕೊಂಡು ಹೇಳುತ್ತಿದ್ದ. (ಈ ಬಸ್ಸಿನ ಕಥೆ ರೀಲ್‌ನವರಿಗೆ ಸಿಕ್ಕಿಲ್ಲ, ಸಿಕ್ಕಿದ್ದರೆ ಅದರಿಂದಲೂ ಒಂದು ಪಾಠ ಹಿಂಡುತ್ತಿದ್ದರು.) ಸೈನ್ಯಕ್ಕೆ ಹೋಗಿಬಂದ, ಮೊಂಟಾನಾ ಸೇರಿದ. ಈಸ್ಟ್ ಹೆಲೆನಾದಲ್ಲಿ ಸೀಸ ಕರಗಿಸೋ ಕಾರ್ಖಾನೆ, ಅಲ್ಲಿ ಕುಲುಮೆ ಕೆಲಸ, ಕಾರ್ಖಾನೆಯ ತಂಡದಲ್ಲಿ ಆಟ. ಪಂದ್ಯ ಶುರುವಾಗೋ ಮುಂಚೆ ಕಾಲು ಗಂಟೆ ಹಾಡಿದರೆ ಹತ್ತು ಡಾಲರ್ ಜಾಸ್ತಿ ಕೊಡುತ್ತಿದ್ದರು. 1963ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಆಯ್ಕೆಗೆ ಫ್ಲೋರಿಡಾ ತನಕ ಹೋದ, ಅವರು ಬೇಡ ಅಂದರು. ವಾಪಸ್ ಬರುವಾಗ ದಾರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ಇಳಿದ. ಅಲ್ಲಿಂದ ಅವನ ಇನ್ನೊಂದು ಜನ್ಮ.

ಈಗ ಆ ಫೋಟೋ ವಿಷಯ. ಗಿಟಾರ್ ವಾದಕ, ನಿರ್ಮಾಪಕ ಚೆಟ್ ಆಟ್ಕಿನ್ಸ್ ಅವನನ್ನು ಆರ್‌ಸಿಎ ಅನ್ನೋ ರೆಕಾರ್ಡ್ ಕಂಪನಿಗೆ ಸೇರಿಸಿಕೊಂಡ, 1966ರ ಜನವರಿಯಲ್ಲಿ ಮೊದಲ ರೆಕಾರ್ಡ್ ಬಂತು. ರೇಡಿಯೋದವರಿಗೆ ಕಳಿಸುವಾಗ ಹೊಸ ಗಾಯಕರ ಚಿತ್ರವನ್ನೂ ಇಡೋದು ರೂಢಿ, ಇವನದ್ದು ಇಡಲಿಲ್ಲ. ಹೆಸರಿನ ಹಿಂದೆ 'ಕಂಟ್ರಿ' ಅಂತ ಬೇರೆ ಅಂಟಿಸಿದರು, 'ಕಂಟ್ರಿ ಚಾರ್ಲಿ ಪ್ರೈಡ್'. ಸರಿ, ಇದು ನಡೆದದ್ದು. ಆದರೆ ಇದರಲ್ಲಿ ಹೆದರಿದ್ದು ಯಾರು? ಮುಚ್ಚಿಟ್ಟವರು. ಪಾಠ ಯಾರಿಗೆ ಹೇಳಬೇಕು? ಅವರಿಗೆ. ನಮ್ಮ ಭಾಷಣಕಾರರು ಪಾಠ ತೆಗೆದದ್ದು ಹಾಡಿದವನ ಕಡೆಯಿಂದ, ಅದೂ ಹಾಡಿನಿಂದ ಅಲ್ಲ, ಬಾಯಿ ಮುಚ್ಚಿಕೊಂಡದ್ದರಿಂದ.

ಅವನು ಬಾಯಿ ಮುಚ್ಚಿಕೊಂಡೂ ಇರಲಿಲ್ಲ, ಅದು ಬೇರೆ. ಡೆಟ್ರಾಯ್ಟ್‌ನ ಒಲಿಂಪಿಯಾ ಕ್ರೀಡಾಂಗಣದಲ್ಲಿ ಅವನ ಮೊದಲ ದೊಡ್ಡ ಕಾರ್ಯಕ್ರಮ, ಹತ್ತಿರ ಹತ್ತು ಸಾವಿರ ಜನ. ಹಾಡು ಕೇಳಿದ್ದರು, ಮುಖ ನೋಡಿರಲಿಲ್ಲ. ಹೆಸರು ಕರೆದಾಗ ಜೋರು ಚಪ್ಪಾಳೆ. ಅವನು ದೀಪದ ಕೆಳಗೆ ಬಂದ ಕೂಡಲೇ ಆ ಚಪ್ಪಾಳೆ ಇಳಿಯುತ್ತಾ ಇಳಿಯುತ್ತಾ ನಿಂತೇಹೋಯಿತು. ಒಂದು ನಿಮಿಷ ಯೋಚನೆ ಮಾಡಿ ಅಲ್ಲಿ ನಿಂತಿರೋದು ನೀವು ಅಂತ. ಅವನು ಮೈಕಿನ ಹತ್ತಿರ ಹೋಗಿ, ನನ್ನದು ಸ್ವಲ್ಪ ಪರ್ಮನೆಂಟಾಗಿ ಬಿಸಿಲಿಗೆ ಕಂದಿದ ಬಣ್ಣ, ಕಂಟ್ರಿ ಹಾಡಲು ಬಂದವನಿಗೆ ಇದು ವಿಚಿತ್ರವೇ ಅನ್ನೋ ಅರ್ಥದಲ್ಲಿ ಏನೋ ಅಂದ. ಜನ ನಕ್ಕರು. ಆಮೇಲೆ ಹಾಡಿದ. ಇದನ್ನು ಸಹನೆ ಅಂತೀರಾ? ಹತ್ತು ಸಾವಿರ ಜನರ ಮುಜುಗರವನ್ನು ಒಂದೇ ಮಾತಿನಲ್ಲಿ ಅವರ ಮಡಿಲಿಗೇ ವಾಪಸ್ ಹಾಕಿದ ಚಾಲಾಕಿ ಅದು.

ನನ್ನದೂ ಒಂದು ಹೇಳಿಬಿಡ್ತೀನಿ. ಕಾಲ್ ಸೆಂಟರ್ ಕೆಲಸದಲ್ಲಿ ನನಗೆ ಕೊಟ್ಟ ಹೆಸರು ಕೆವಿನ್. ಮೂರು ಪೈಸೆ ಹೋಲಿಕೆ ಇಲ್ಲ, ಗೊತ್ತು, ನನ್ನನ್ನು ಯಾರೂ ಹತ್ತಿ ಹೊಲದಿಂದ ಎಬ್ಬಿಸಿ ತಂದಿರಲಿಲ್ಲ. ಆದರೆ ಫೋನಿನ ಆ ಕಡೆಯವರು ನೀನು ನಿಜವಾಗ್ಲೂ ಎಲ್ಲಿಯವನು ಅಂತ ಕೇಳಿದಾಗ ನಗುತ್ತಲೇ ಮಾತು ಹಾರಿಸಿದ್ದು ಬಾಡಿಗೆ ಕಟ್ಟೋಕೆ, ತಂಗಿ ಫೀಸಿಗೆ. ಆ ನಗುವನ್ನು ಯಾರಾದರೂ ದೊಡ್ಡ ಗುಣ ಅಂತ ಹೊಗಳಿದರೆ ನನಗೆ ಹೊಡೆಯೋಣ ಅನಿಸುತ್ತೆ. ಅಷ್ಟೇ.

ಗ್ರೂಪಿನಲ್ಲಿ ಇಷ್ಟನ್ನು ಸಣ್ಣದಾಗಿ ಹಾಕಿದ್ದಕ್ಕೆ ಒಬ್ಬ ಭಾವ ಎದ್ದು ಬಂದರು. "ಅಲ್ಲ ಕಣೋ, ಅವನೇ ತನ್ನ ಬಣ್ಣದ ಬಗ್ಗೆ ಮಾತು ಬೇಡ, ನಾನು ಬರೀ ಚಾರ್ಲಿ ಪ್ರೈಡ್ ಅಂತಿದ್ದನಂತಲ್ಲ? ಗೂಗಲ್ ಮಾಡಿದೆ. ಅಲ್ಲದೆ ಫೋಟೋ ಹಾಕಿದ್ದರೆ ಆ ಕಾಲದಲ್ಲಿ ರೇಡಿಯೋದವರು ಹಾಡೇ ಹಾಕುತ್ತಿರಲಿಲ್ಲ." ಭಾವನವರೇ, ಎರಡೂ ನಿಜ ಇರಬಹುದು. ಅವನು ಬಣ್ಣದ ಮಾತು ಬೇಡ ಅಂದದ್ದು ಪ್ರತಿ ಸಂದರ್ಶನದಲ್ಲೂ ಅದೊಂದನ್ನೇ ಕೇಳಿ ಕೇಳಿ ತಲೆ ತಿಂದದ್ದಕ್ಕೆ. ನೀವು ಅವನ ಮಾತಿಗೆ ಬೆಲೆ ಕೊಡೋದಾದರೆ ಹಾಡಿನ ಬಗ್ಗೆ ಮಾತಾಡಿ. ಎಲ್ಲಿ, ಒಂದು ಹಾಡಿನ ಹೆಸರು ಹೇಳಿ ನೋಡೋಣ. ಭಾವ ಆಮೇಲೆ ಆಫ್‌ಲೈನ್.

ಹಾಡು ಅಂದರೆ ಏನು ಹಾಡು ಮಾರಾಯ್ರೇ. ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ಮೊದಲ ಹತ್ತರಲ್ಲಿ 52 ಹಾಡು. 1971ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ಅತ್ಯಂತ ದೊಡ್ಡ ಪ್ರಶಸ್ತಿ. ಆರ್‌ಸಿಎಯಲ್ಲಿ ಎಲ್ವಿಸ್ ಪ್ರೆಸ್ಲಿಯ ನಂತರ ಅಷ್ಟು ಮಾರಾಟವಾದ ಕಂಟ್ರಿ ಗಾಯಕ ಇನ್ನೊಬ್ಬನಿಲ್ಲ. ಲೆಕ್ಕ ಬಿಡಿ. 1970ರ 'ಈಸ್ ಎನಿಬಡಿ ಗೋಯಿಂಗ್ ಟು ಸ್ಯಾನ್ ಆಂಟೋನ್' ಕೇಳಿ. ಹೆಂಡತಿಯನ್ನೋ ಪ್ರೇಯಸಿಯನ್ನೋ ಬಿಟ್ಟು ಹೊರಟವನು ಮಳೆಯಲ್ಲಿ ರಸ್ತೆ ಬದಿ ನಡೆಯುತ್ತಿದ್ದಾನೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಗೋಳಾಡುತ್ತಿದ್ದರು. ಇವನು ಗೋಳಾಡಲ್ಲ. ತುಂಬಿದ ಮಂದ್ರ ದನಿ, ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ, ಸಾಲಿನ ಕೊನೆಗೆ ಮಾತ್ರ ದನಿ ಒಂಚೂರು ಬಾಗುತ್ತೆ. ಇವನ ಶುರುವಿನ ಹಿಟ್ ಹಾಡುಗಳಲ್ಲಿ ಲಾಯ್ಡ್ ಗ್ರೀನ್ ಸ್ಟೀಲ್ ಗಿಟಾರ್ ನುಡಿಸಿದ್ದಾನೆ. ದನಿ ನಿಂತ ಜಾಗದಲ್ಲೇ ಆ ತಂತಿ ಎತ್ತಿಕೊಳ್ಳೋದನ್ನು ಇಯರ್‌ಫೋನ್ ಹಾಕಿಕೊಂಡು ಗಮನಿಸಿ.

ಸಹನೆಗಿಂತ ಬೇರೆ ಗುಣ ಬೇಕಾ? 1976, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್. ಬಾಂಬು, ಗುಂಡು, ಕ್ಯಾಥೊಲಿಕ್ಕರು ಪ್ರಾಟೆಸ್ಟೆಂಟರು ಹೊಡೆದಾಡುತ್ತಿದ್ದ ಕಾಲ. ಹೊರಗಿನ ದೊಡ್ಡ ಕಲಾವಿದರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಪ್ರೈಡ್ ಹೋಗಿ ರಿಟ್ಜ್ ಥಿಯೇಟರಿನಲ್ಲಿ ಹಾಡಿದ. ಎರಡೂ ಕಡೆಯವರು ಒಂದೇ ಸೂರಿನಡಿ ಕೂತು ಕೇಳಿದರು. ಅವನ 'ಕ್ರಿಸ್ಟಲ್ ಶಾಂಡಲಿಯರ್ಸ್' ಹಾಡು ಅಮೆರಿಕದಲ್ಲಿ ಬಿಡಿ ರೆಕಾರ್ಡ್ (ಸಿಂಗಲ್) ಆಗಿ ಬಂದೇ ಇರಲಿಲ್ಲ, ಬೆಲ್‌ಫಾಸ್ಟ್‌ನಲ್ಲಿ ಅದು ಎರಡೂ ಕಡೆಯವರ ಹಾಡಾಯಿತು. ಇದರ ಮೇಲೆ ಒಂದು ರೀಲ್ ಮಾಡಿ ನೋಡೋಣ. ಮಾಡಲ್ಲ. ಧೈರ್ಯ ಮಾಡಿದವನ ಕಥೆಯಿಂದ ಕೇಳೋರಿಗೆ ಸುಮ್ಮನಿರಿ ಅಂತ ಹೇಳೋಕಾಗಲ್ಲವಲ್ಲ.

ಇನ್ನೊಂದು. ತನಗೆ ಬೈಪೋಲಾರ್ ಅನ್ನೋ ಮಾನಸಿಕ ಕಾಯಿಲೆ ಇತ್ತು ಅಂತ 1994ರ ಆತ್ಮಕಥೆಯಲ್ಲಿ ಅವನೇ ಬರೆದುಕೊಂಡಿದ್ದಾನೆ. ಇದಕ್ಕೂ ಆ ನಗುವಿಗೂ ನಾನು ಗಂಟು ಹಾಕಲ್ಲ, ನಾನು ಡಾಕ್ಟರಲ್ಲ. ಆದರೆ ಯಾವಾಗಲೂ ನಗುತ್ತಿದ್ದ ಅಂತ ಅಷ್ಟು ಸಲೀಸಾಗಿ ಹೇಳೋ ಮುಂಚೆ ಆ ಪುಟಗಳನ್ನಾದರೂ ತಿರುವಬೇಕಿತ್ತು.

2020ರ ನವೆಂಬರಿನಲ್ಲಿ ನ್ಯಾಶ್‌ವಿಲ್ ವೇದಿಕೆಯಲ್ಲಿ ಜೀವಮಾನದ ಪ್ರಶಸ್ತಿ ತೆಗೆದುಕೊಂಡ, ಹಾಡಿದ. ಡಿಸೆಂಬರ್ 12ಕ್ಕೆ ಡಲ್ಲಾಸ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡ, 86 ವಯಸ್ಸು. ಆ ಸುದ್ದಿ ಬಂದ ದಿನ ನಾನು ಮಾಸ್ಕ್ ಹಾಕಿಕೊಂಡು ಕಿರಾಣಿ ಅಂಗಡಿ ಸಾಲಿನಲ್ಲಿದ್ದೆ, ಅಲ್ಲೇ ಅತ್ತೆ. ಯಾಕೆ ಅಂತ ಕೇಳಿದ ಮುಂದಿನವರಿಗೆ ಏನು ಹೇಳೋದು?

ಶುರು ಮಾಡೋರು 'ಇನ್ ಪರ್ಸನ್' ಆಲ್ಬಮ್‌ನಿಂದ ಶುರು ಮಾಡಿ. ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಪ್ಯಾಂಥರ್ ಹಾಲ್ ಅಂತಿತ್ತು, ಅಲ್ಲಿಯ ಲೈವ್ ರೆಕಾರ್ಡಿಂಗ್, ಬಂದದ್ದು 1969ರಲ್ಲಿ. ಹ್ಯಾಂಕ್ ವಿಲಿಯಮ್ಸ್‌ನ 'ಕಾ-ಲೈಜಾ' ಹಾಡಿದ್ದಾನೆ, ಜನರ ಕೇಕೆ ಸಮೇತ. ಕಾಮೆಂಟಿನಲ್ಲಿ ಇನ್ನೊಬ್ಬ ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ಬಗ್ಗೆಯೂ ಬರೀರಿ ಅನ್ನೋರಿಗೆ: ಬರೀತೀನಿ, ಮೊದಲು ಇದನ್ನು ಕೇಳಿ ಬನ್ನಿ. ಮತ್ತೆ ಆ ರೀಲನ್ನು ದಯವಿಟ್ಟು ನನಗೆ ಟ್ಯಾಗ್ ಮಾಡಬೇಡಿ, ಈಗಾಗಲೇ ನಾಲ್ಕು ಜನ ಮಾಡಿದ್ದೀರಿ.