ಆ ತಗ್ಗುಗಳಿಗೆ ಜೆಸಿಬಿ ಇಳಿಸಬೇಡಿ

ಇಂಗ್ಲೆಂಡಿನ ಹಳ್ಳಿಗಳಿಗೆ ಹೋದವರು ಕೋಟೆ, ಚರ್ಚು ನೋಡಿ ಬರುತ್ತಾರೆ. ಪಕ್ಕದ ಹುಲ್ಲುಗಾವಲಿನ ಉದ್ದುದ್ದ ತಗ್ಗುಗಳನ್ನು, ಅವುಗಳ ಅಂಚಿನ ಮಣ್ಣಿನ ದಿಬ್ಬಗಳನ್ನು ಯಾರೂ ಗಮನಿಸುವುದಿಲ್ಲ. ಅವು ಮಧ್ಯಯುಗದ ಮೀನುಕೊಳಗಳು. ಆ ಕಾಲದ ದೊಡ್ಡವರ ಬದುಕು ಕೋಟೆಗಿಂತ ಇಲ್ಲೇ ಚೆನ್ನಾಗಿ ಕಾಣುತ್ತದೆ ಅಂತ ನನಗೆ ಅನ್ನಿಸುತ್ತದೆ.

ಶುಕ್ರವಾರ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಹೀಗೆ ವರ್ಷದಲ್ಲಿ ಎಷ್ಟೋ ದಿನ ಮಾಂಸ ತಿನ್ನುವಂತಿರಲಿಲ್ಲ. ಮೀನು ನಡೆಯುತ್ತಿತ್ತು. ಬಡವರಿಗೆ ಸಿಗುತ್ತಿದ್ದುದು ಉಪ್ಪು ಹಾಕಿದ ಹೆರಿಂಗ್ ಎಂಬ ಸಮುದ್ರದ ಮೀನು. ಬ್ರೀಮ್, ಪೈಕ್‌ನಂಥ ಸಿಹಿನೀರಿನ ಮೀನು ಜಮೀನ್ದಾರರು, ಬಿಷಪ್‌ಗಳ ಊಟಕ್ಕೆ. 1275ರ ವೆಸ್ಟ್‌ಮಿನ್‌ಸ್ಟರ್ ಕಾನೂನಿನ ಪ್ರಕಾರ ಇಂಥ ಕೊಳಕ್ಕೆ ನುಗ್ಗಿ ಸಿಕ್ಕಿಬಿದ್ದವನಿಗೆ 3 ವರ್ಷ ಸೆರೆ!

ಕಟ್ಟಿದ ರೀತಿ ನಮ್ಮ ಕೆರೆ ಬಲ್ಲವರಿಗೆ ತಟ್ಟನೆ ಅರ್ಥವಾಗುತ್ತದೆ. ತೊರೆಗೆ ಅಡ್ಡಲಾಗಿ ಜೇಡಿಮಣ್ಣು ತುಂಬಿದ ಏರಿ. ನೀರು ಬಿಡಲು ಮರದ ತೂಬು, ಕೆಲವು ಕಡೆ ಇಡೀ ದಿಮ್ಮಿಯನ್ನೇ ಕೊರೆದು ಮಾಡಿದ ಕೊಳವೆ. ಪ್ರವಾಹ ಬಂದರೆ ಏರಿ ಒಡೆಯದಂತೆ ಪಕ್ಕದಲ್ಲೊಂದು ಕಾಲುವೆ. ದೊಡ್ಡ ಕೊಳದಲ್ಲಿ ಮೀನು ಬೆಳೆಸುವುದು, ಅಡುಗೆಗೆ ಬೇಕಾದಷ್ಟನ್ನು ಮನೆ ಹತ್ತಿರದ ಸಣ್ಣ ಕೊಳಗಳಿಗೆ ತಂದು ಬಿಡುವುದು. ಕೆಲವು ವರ್ಷಕ್ಕೊಮ್ಮೆ ಪೂರ್ತಿ ನೀರು ಬಿಟ್ಟು ಮೀನು ಬಾಚಿ, ತಳ ಒಣಗಿಸುತ್ತಿದ್ದರು. ರಟ್ಲಂಡಿನ ಲಿಡಿಂಗ್ಟನ್‌ನಲ್ಲಿ ಲಿಂಕನ್ ಬಿಷಪ್‌ಗಳ ಅರಮನೆಯ ಹತ್ತಿರ ಈ ಏರಿ, ತಗ್ಗುಗಳು ಇವತ್ತಿಗೂ ಸ್ಪಷ್ಟವಾಗಿವೆ. ಚಳಿಗಾಲದ ಓರೆ ಬಿಸಿಲಿಗೆ ಒಂದೊಂದು ಅಂಚೂ ನೆರಳು ಬೀಳಿಸಿ ಎದ್ದು ಕಾಣುತ್ತದೆ.

ಇಂಥ ತಗ್ಗುಗಳನ್ನು ಮತ್ತೆ ತೋಡಿ ನೀರು ತುಂಬಿಸಿದರೆ ಗಾಳ ಹಾಕುವವರಿಗೂ ಆಯಿತು, ಕಪ್ಪೆ, ಹಕ್ಕಿಗೂ ಆಯಿತು ಅನ್ನುವವರಿದ್ದಾರೆ. ಉದ್ದೇಶ ಒಳ್ಳೆಯದೇ. ನಮ್ಮೂರಲ್ಲಾದರೆ ಹೂಳೆತ್ತುವುದು ಪುಣ್ಯದ ಕೆಲಸ. ಆದರೆ ಇಲ್ಲಿ ಆ ಹೂಳೇ ಆಸ್ತಿ. ತೇವ ಆರದ ಕೆಸರಿನಲ್ಲಿ ಗಾಳಿ ಆಡುವುದಿಲ್ಲ, ಹಾಗಾಗಿ ತೂಬಿನ ಮರ, ಬೀಜ, ಪರಾಗ ನೂರಾರು ವರ್ಷ ಕೊಳೆಯದೆ ಉಳಿಯುತ್ತವೆ. ಸುತ್ತ ಏನು ಬೆಳೆಯುತ್ತಿದ್ದರು, ಕಾಡು ಯಾವಾಗ ಕಡಿದರು ಅನ್ನುವುದು ಪದರಪದರವಾಗಿ ಅಲ್ಲಿರುತ್ತದೆ. ಒಂದು ಮಧ್ಯಾಹ್ನ ಯಂತ್ರ ಓಡಿದರೆ ಮುಗೀತು.

ಸಂರಕ್ಷಿತ ಪಟ್ಟಿಯಲ್ಲಿರುವ ಕೊಳಗಳಿಗೆ ಅನುಮತಿಯಿಲ್ಲದೆ ಕೈ ಹಾಕುವಂತಿಲ್ಲ. ಎಷ್ಟೋ ಕೊಳಗಳು ಆ ಪಟ್ಟಿಯಲ್ಲೇ ಇಲ್ಲ, ಅದೇ ನನ್ನ ಚಿಂತೆ. ಇಂಗ್ಲೆಂಡಿನ ಪರಿಸರ ಇಲಾಖೆ ವಿಮಾನದಿಂದ ಲೇಸರ್ ಬೆಳಕು ಬಿಟ್ಟು ನೆಲದ ಏರುತಗ್ಗು ಅಳೆದ ಲೈಡಾರ್ ನಕ್ಷೆ ಉಚಿತವಾಗಿ ಸಿಗುತ್ತದೆ. ಸವೆದುಹೋದ ಏರಿಯೂ ಅದರಲ್ಲಿ ಗೆರೆಯಾಗಿ ಕಾಣುತ್ತದೆ. ಹೊಸ ಕೊಳ ಬೇಕೇ? ಮೊದಲು ಆ ನಕ್ಷೆ ನೋಡಿ, ಆಮೇಲೆ ಬೇರೆ ಜಾಗದಲ್ಲಿ ತೋಡಲಿ.